ಕಲ್ಲವ್ವ ಕಾಶ್ಯಾಗ ಬಿಟ್ಟು ಬಂದದ್ದು

ಕೂಡ್ರಿ, ಕೂಡ್ರಿ. ಎಲಿ ಅಡಿಕಿ ಬಾಯಾಗ ಹಾಕ್ಕೊಂಡು ಕಿವಿ ಇತ್ತ ಕೊಡ್ರಿ. ಒಂದಾನೊಂದು ನಾಡು. ಹೆಸರು ಕೇಳಬ್ಯಾಡ್ರಿ, ಹೇಳಿದ್ರ ಅಲ್ಲಿಯವರು ಜಗಳಕ್ಕ ಬರ್ತಾರ. ಆ ನಾಡಾಗೊಂದು ಊರು, ಆ ಊರಾಗೊಬ್ಬ ಮುದುಕಿ, ಕಲ್ಲವ್ವ. ಆಕಿಗೆ ಒಬ್ಬನ ಮಗ, ಅಡಿವೆಪ್ಪ. ಅಡಿವೆಪ್ಪಗ ಒಬ್ಬಾಕಿ ಮಗಳು, ಹೊನ್ನಿ.

ಹೊನ್ನಿ ಅಂದ್ರ ಏನು ಹುಡುಗಿ ಅಂತೀರಿ! ಮುಂಜಾನೆ ಐಗಳ ಸಾಲಿಗೆ ಹೋಗಿ ಪಾಟಿ ಮ್ಯಾಲೆ ಅಕ್ಷರ ತಿದ್ದತಿದ್ಲು. ಸಂಜಿಗೆ ಬಂದು ಕೆರಿ ಮಣ್ಣು ಹಿಡದು ಗೊಂಬಿ ಮಾಡತಿದ್ಲು. ಎತ್ತು ಮಾಡಿದ್ರ ಎತ್ತು ಗುಟುರು ಹಾಕಬೇಕು, ಕೋಳಿ ಮಾಡಿದ್ರ ಕೋಳಿ ತಿಪ್ಪಿ ಕೆದರಬೇಕು, ಮುದುಕಿನ್ನ ಮಾಡಿದ್ರ ಮುದುಕಿ ಬೊಚ್ಚಬಾಯಿ ಬಿಟ್ಟು ನಗಬೇಕು. ಹಂಗಿತ್ತು ಕೈ.

ಆದ್ರ ಅಪ್ಪಗ ಅದು ಕಣ್ಣಾಗಿನ ಕಸ. ಅಡಿವೆಪ್ಪ ಹೆಬ್ಬೆಟ್ಟಿನಾಂವ. ಮಗಳು ತನ್ನಂಗ ಆಗಬಾರದು, ಓದಬೇಕು ಅನ್ನೂದೊಂದ ಹಟ. ತಪ್ಪೇನ್ರಿ? ತಪ್ಪಲ್ಲ. ಆದ್ರ ಒಂದಿನ ಐಗಳು ಚಾಷ್ಟಿಗೆ ಅಂದ್ರು, "ಅಡಿವೆಪ್ಪಾ, ನಿನ್ನ ಮಗಳ ಪಾಟಿ ತುಂಬ ಕೆರಿ ಮಣ್ಣಲೋ!" ಮೊದಲ ಕೋತಿ, ಮ್ಯಾಲೆ ಹೆಂಡ ಕುಡಿಸಿದಂಗಾತು.

"ಮಣ್ಣಾಡೂ ಕೈಗೆ ವಿದ್ಯಾ ಹತ್ತೂದಿಲ್ಲ. ಎರಡು ದೋಣಿ ಮ್ಯಾಲೆ ಕಾಲಿಟ್ಟಾಂವ ನೀರುಪಾಲು," ಅಂದ ಅಡಿವೆಪ್ಪ.

ಅದ ಹೊತ್ತಿಗೆ ಕಲ್ಲವ್ವ ಕಾಶಿಗೆ ಹೊಂಟಿದ್ಲು. ಕಾಶಿಗೆ ಹೋದಾವ್ರು ಏನು ಮಾಡಬೇಕು? ತಮಗ ಬಾಳ ಪ್ರೀತಿದು ಒಂದು ಅಲ್ಲಿ ಬಿಟ್ಟು ಬರಬೇಕು. ಬಿಟ್ಟಿದ್ದನ್ನ ಮತ್ತ ಮುಟ್ಟೂವಂಗಿಲ್ಲ.

ಅಡಿವೆಪ್ಪ ಅಂದ, "ಯವ್ವಾ, ಕಾಶ್ಯಾಗ ಈಕಿ ಮಣ್ಣಾಟ ಬಿಟ್ಟು ಬಾ. ಆಮ್ಯಾಲೆ ಈಕಿ ಜಲಮದಾಗ ಮಣ್ಣು ಮುಟ್ಟಬಾರದು."

"ಆತಪಾ," ಅಂದ್ಲು ಕಲ್ಲವ್ವ. ಹಡದ ದಿನದಿಂದ ಆಕಿ ಮಗನ ಮಾತಿಗೆ ಇಲ್ಲ ಅಂದಾಕಿ ಅಲ್ಲ.

ಹೊನ್ನಿ ಸೆರಗು ಹಿಡದು ಕೇಳಿದ್ಲು, "ಆಯೀ, ಖರೇನ ಬಿಟ್ಟು ಬರ್ತಿ?"

ಮುದುಕಿ ಬುತ್ತಿ ಗಂಟು ಕಟ್ಟಿ ಹೊಂಟ್ಲು. ಹುಡುಗಿ ಕೈ ತೊಳಕೊಂಡ್ಲು. ಸಾಲಿಗೆ ಹೋದ್ಲು, ಉಂಡ್ಲು, ಮಲಗಿದ್ಲು. ನಗೂದೊಂದು ಬಿಟ್ಲು.

ಕಲ್ಲವ್ವ ನಡದ್ಲು, ನಡದ್ಲು, ನಡದ್ಲು. ಗಂಗಾ ದಂಡಿ ಮುಟ್ಟಿದ್ಲು. ಅಲ್ಲೊಬ್ಬ ಸ್ವಾಮಿ ಕುಂತಿದ್ರು. "ತಾಯಿ, ಮುಳುಗು ಹಾಕು. ಏನು ಬಿಡ್ತಿ ಹೇಳು," ಅಂದ್ರು.

ಒಂದು ಮುಳುಗು ಹಾಕಿದ್ಲು. "ಮೊಮ್ಮಗಳ ಮಣ್ಣಾಟ ಬಿಟ್ಟೆರಿ."

"ನಿಂದಲ್ಲದ್ದನ್ನ ನೀ ಹೆಂಗ ಬಿಡ್ತಿ? ಅತ್ತಿ ಸೊತ್ತು ಅಳಿಯ ದಾನ ಮಾಡಿದಂಗಾತು!"

ಎರಡನೇ ಮುಳುಗು. "ಹಂಗಾರ ಹಾಗಲಕಾಯಿ ಬಿಟ್ಟೆರಿ."

"ಹಾಗಲಕಾಯಿ ಅಂದ್ರ ಪ್ರೀತಿ ಏನು?"

"ಅದರ ಮಾರಿ ಕಂಡ್ರ ಆಗೂದಿಲ್ರಿ."

ನಗಬ್ಯಾಡ್ರಿ, ನಿಮ್ಮ ಹಿರ್ಯಾರೂ ಅದನ್ನ ಬಿಟ್ಟು ಬಂದಾರ!

ಮೂರನೇ ಮುಳುಗಿಗೆ ಮುದುಕಿ ನೀರಾಗ ನಿಂತು ವಿಚಾರ ಮಾಡಿದ್ಲು. ಕಣ್ಣ ಮುಂದ ಹೊನ್ನಿ ಬಾಡಿದ ಮಾರಿ ಬಂತು. ಎದಿ ಗಟ್ಟಿ ಮಾಡ್ಕೊಂಡು ಮುಳುಗಿ ಎದ್ದು, ಸ್ವಾಮಿ ಕಿವ್ಯಾಗ ಏನೋ ಅಂದ್ಲು. ಸ್ವಾಮಿ ಆಕಿಗೇ ಕೈ ಮುಗಿದ್ರು. ಏನು ಬಿಟ್ಲು? ತಡೀರಿ, ಮುದುಕಿ ಊರು ಮುಟ್ಟಲಿ.

ಮುಟ್ಟಿದ್ಲು. ಮಂದಿ ಕೂಡ್ತು, ಐಗಳೂ ಬಂದ್ರು. ಎಲ್ಲಾರ ಕೈಗೂ ಗಂಗಾ ನೀರು ಹಾಕಿದ್ಲು. ಹೊನ್ನಿನ್ನ ಕರದು, ಗಂಟು ಬಿಚ್ಚಿ, ಗಂಗಾ ದಂಡಿ ಮಣ್ಣಿನ ಉಂಡಿ ಅಂಗೈಯಾಗ ಇಟ್ಲು.

ಅಡಿವೆಪ್ಪ ಹೌಹಾರಿದ. "ಯವ್ವಾ! ಮಣ್ಣು ಬಿಟ್ಟು ಬಾ ಅಂದ್ರ ಮಣ್ಣು ಹೊತ್ಕೊಂಡು ಬಂದೀಯಲ್ಲ!"

"ಅದು ನಂದಲ್ಲಪಾ, ಬಿಡಾಕ ಬರಲಿಲ್ಲ. ನನಗ ಬಾಳ ಪ್ರೀತಿದು ಬಿಟ್ಟು ಬಂದೆ."

"ಏನದು?"

"ನಿನ್ನ ಮಾತು ಕೇಳೂದು."

ಮಂದಿ ಗೊಳ್ಳ ಅಂತ ನಕ್ತು. ಅಡಿವೆಪ್ಪ ಬಾಯಿ ತೆರದಾಂವ ತೆರದಂಗ ಕುಂತ. ಕಡೀಕ ಸಣ್ಣ ದನೀಲೆ ಕೇಳಿದ, "ಹಂಗಂದ್ರ ಸಾಲಿ?"

"ಸಾಲಿಗೂ ಹೋಗ್ತಾಳ, ಮಣ್ಣೂ ಹಿಡಿತಾಳ. ನಿನ್ನ ಬಂಡಿಗೆ ಒಂದ ಎತ್ತು ಹೂಡ್ತಿ ಏನು?"

ಕಾಶ್ಯಾಗ ಬಿಟ್ಟಿದ್ದನ್ನ ಮತ್ತ ಹಿಡಿ ಅನ್ನೂ ಧೈರ್ಯ ಯಾವ ಮಗನಿಗೈತಿ, ಹೇಳ್ರಿ?

ಹೊನ್ನಿ ಆ ಮಣ್ಣಿಲೆ ಮೊದಲು ಏನು ಮಾಡಿದ್ಲು ಗೊತ್ತೇನು? ಬಾಯಿ ತೆರದು ಕುಂತ ಅಪ್ಪನ್ನ. ಆ ಗೊಂಬಿ ಕಾಲ ಬುಡಕ ಕಡ್ಡೀಲೆ ಅಕ್ಷರ ಕೊರದ್ಲು.

"ಇದೇನವಾ?" ಅಂದ ಅಡಿವೆಪ್ಪ.

"ನಿನ್ನ ಹೆಸರಪಾ."

ಓದಾಕ ಬರದಾಂವ ಹಸಿ ಮಣ್ಣಿನ ಮ್ಯಾಲೆ ಒಂದೊಂದ ಅಕ್ಷರಕ್ಕ ಬೆರಳಾಡಿಸಿದ. "ನನ್ನ ಹೆಸರು ಇಷ್ಟು ಚಂದೈತೇನು?" ಅಂದ, ಕಣ್ಣು ಒರಸ್ಕೊಂಡ.

ಅವರ ಮನ್ಯಾಗ ದೀಪ ಉರೀಲಿ, ನಮ್ಮ ಮನ್ಯಾಗ ಅನ್ನ ಕುದೀಲಿ. ಕತಿ ತೀರಿತು, ಇನ್ನ ಏಳ್ರಿ.