ಕೆಳಗೆ ಎರಡು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ, ಐದೂವರೆಗೆ ಕರೆಂಟೂ ಹೋಯಿತು. ಅಂಗಡಿಯ ಶಟರ್ ಅರ್ಧ ಎಳೆದು ಹಿಂದಿನ ಕೋಣೆಗೆ ಬಂದೆ. ಅಲ್ಲಿ ಅಜ್ಜಿ ತನ್ನ ರಿಪೇರಿ ಮೇಜಿನ ಮುಂದೆ ಕೂತಿದ್ದಳು. ಅವಳ ಮುಂದೆ ಒಂದು ಹಳೇ ಗೇಮ್ ಕ್ಯಾಸೆಟ್ಟು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಒಳಗಿನ ಹಸಿರು ಬೋರ್ಡು, ಅದರ ಮೂಲೆಯಲ್ಲಿ ಗುಂಡಗಿನ ಚಿಕ್ಕ ಸೆಲ್ಲು. ಪಕ್ಕದಲ್ಲಿ ಬೆಸುಗೆ ಹಾಕುವ ಕರೆಂಟ್ ಕಡ್ಡಿ ತಣ್ಣಗೆ ಮಲಗಿತ್ತು. ಮೂವತ್ತೈದು ವರ್ಷದಿಂದ ಹಳೇ ವೀಡಿಯೋ ಗೇಮ್ ಕೊಂಡು, ರಿಪೇರಿ ಮಾಡಿ, ಮಾರುವ ನಮ್ಮ ಅಜ್ಜಿಯನ್ನು ಇಡೀ ಬೀದಿ 'ಬೆಸುಗೆ' ಅಂತಲೇ ಕರೆಯುತ್ತದೆ. ಕೋಪ ಬಂದರೆ ಕಡ್ಡಿಗಿಂತ ಅವಳೇ ಬಿಸಿ ಅಂತ ಚಿಕ್ಕಪ್ಪ ಹೇಳುವುದುಂಟು, ಅವಳಿಗೆ ಕೇಳಿಸದ ಹಾಗೆ.

ಆವತ್ತು ಚಿಕ್ಕಪ್ಪನೂ ಇದ್ದ, ನನ್ನ ತಂಗಿಯೂ ಇದ್ದಳು. ಅಜ್ಜಿ ಟಾರ್ಚು ಹಿಡಿದು, ಮೀಟರಿನ ಮುಳ್ಳುಗಳನ್ನು ಸೆಲ್ಲಿಗೆ ಒತ್ತಿ, ಅಂಕಿ ನೋಡಿ ತುಟಿ ಕಚ್ಚಿದಳು.

"ಎರಡೂಕಾಲು ವೋಲ್ಟು," ಅಂದಳು. "ಎರಡಕ್ಕಿಂತ ಕೆಳಗಿಳಿದ್ರೆ ಹೋಯ್ತು. ಕರೆಂಟ್ ಬರೋವರೆಗೂ ಯಾರೂ ಎದ್ದು ಹೋಗ್ಬೇಡಿ. ಕೂತ್ಕೊಳ್ಳಿ. ಇದೇನು ಅಂತ ಹೇಳಿಬಿಡ್ತೀನಿ, ಇನ್ನು ಹೊಟ್ಟೇಲಿಟ್ಕೊಳ್ಳೋಕೆ ಆಗಲ್ಲ."

ನಾವು ಕೂತೆವು. ಅವಳು ಶುರು ಮಾಡಿದಳು.

ನಿಮಗೆ ಗೊತ್ತಲ್ಲ, ಈ ಹಳೇ ಕ್ಯಾಸೆಟ್ಟುಗಳಲ್ಲಿ ಆಡಿದ ಆಟ ಉಳಿಯೋದು ಈ ಸೆಲ್ಲಿನ ದಯೆಯಿಂದ. ಸೆಲ್ ಸತ್ರೆ, ಇಲ್ಲಾ ಸೆಲ್ ಕಿತ್ರೆ, ಯಾರು ಎಲ್ಲೀವರೆಗೆ ಆಡಿದ್ರೋ ಅದೆಲ್ಲ ಅಳಿಸಿಹೋಗುತ್ತೆ. ಕೊಂಡ ಮಾಲಿನ ಸೆಲ್ ಬದಲಾಯಿಸಿ, ಹಳಬರ ಆಟ ಅಳಿಸಿ, ಸ್ಪಿರಿಟ್ಟಲ್ಲಿ ಒರೆಸಿ ಕಪಾಟಿಗಿಡೋದು ನನ್ನ ಪದ್ಧತಿ. ಬೇರೆಯವರ ಎಂಜಲು ತಟ್ಟೇಲಿ ಗಿರಾಕಿಗೆ ಊಟ ಬಡಿಸ್ತೀವಾ? ಆದ್ರೆ ತಂದ ದಿನಾನೇ ಬಿಚ್ತಿರಲಿಲ್ಲ... ಸೋಮವಾರ ಬಂದದ್ದನ್ನ ಗುರುವಾರ ಬಿಚ್ಚೋದು. ಆ ಮೂರು ದಿನ ಇಲ್ದೇ ಇದ್ದಿದ್ರೆ ನಾನಿವತ್ತು ಹಾಯಾಗಿ ಮಲಗ್ತಿದ್ದೆ.

ಮೂವತ್ತೆರಡು ವರ್ಷ ಆಯ್ತು. ಒಂದು ಸೋಮವಾರ ಬೆಳಿಗ್ಗೆ ಒಬ್ಬ ಲಿಫ್ಟ್ ಮೆಕ್ಯಾನಿಕ್ಕು ಈ ಕ್ಯಾಸೆಟ್ಟು ತಂದ. ಇಪ್ಪತ್ನಾಲ್ಕೋ ಇಪ್ಪತ್ತೈದೋ ವಯಸ್ಸು, ಕುಳ್ಳಗೆ ಇದ್ದ, ಬಾಯಿ ಮಾತ್ರ ಉದ್ದ. ಆಟ ಏನಪ್ಪಾ ಅಂದ್ರೆ, ಒಂದು ಕತ್ತಲೆ ಕಟ್ಟಡ, ಕೈಯಲ್ಲಿ ದೀಪ ಹಿಡಿದ ಒಬ್ಬ ಮನುಷ್ಯ, ಮೆಟ್ಟಿಲು ಹುಡುಕಿ ಹುಡುಕಿ ಮೇಲೆ ಹತ್ತಿ ಚಾವಣಿ ಸೇರ್ಬೇಕು, ಅಷ್ಟೇ. ಹಾಕಿ ನೋಡಿದೆ. ಆಟ ಉಳಿಸೋಕೆ ಮೂರು ಸಾಲು. ಮೊದಲನೇದರಲ್ಲಿ 'ಮೋಟು' ಅಂತ ಹೆಸರು, ಆಡಿದ್ದು ನಲವತ್ತು ಗಂಟೆ, ನಿಂತದ್ದು 'ಮೇಲೆ ಏಳು'. ಉಳಿದೆರಡು ಸಾಲು ಖಾಲಿ. ಇನ್ನೊಂದೇ ಅಂತಸ್ತು ಕಣಮ್ಮ ಚಾವಣಿಗೆ, ಬೇಜಾರಾಗಿ ಬಿಟ್ಟೆ, ದಿನಾ ಲಿಫ್ಟಲ್ಲಿ ಹತ್ತೋನು ಮನೇಲೂ ಮೆಟ್ಟಿಲು ಹತ್ಬೇಕಾ ಅಂತ ನಕ್ಕ. ನಾನೂ ನಕ್ಕೆ. ಚೀಟಿ ಬರಕೊಟ್ಟೆ. ಹೋದ.

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಒಬ್ಬಳು ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡ್ತಿತ್ತು, ಹೊಲಿಗೆ ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ಲು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಟೈಲರಮ್ಮ, ಅವನ ಅಕ್ಕ. ಅಪ್ಪ ಅಮ್ಮ ಇಲ್ಲದ ಮನೇಲಿ ಅವನನ್ನ ಸಾಕಿದ್ದೇ ಅವಳು. ಸೋಮವಾರದಿಂದ ತಮ್ಮ ಮನೆಗೆ ಬಂದಿಲ್ಲ ಅಂದ್ಲು. ಬಿಚ್ಚಿಟ್ಟು ಹೋದ ಅಂಗಿಯ ಜೇಬಲ್ಲಿ ನಮ್ಮ ಚೀಟಿ ಸಿಕ್ತಂತೆ. ಠಾಣೆಯವರು ವಯಸ್ಸಿಗೆ ಬಂದ ಹುಡುಗ ಬರ್ತಾನೆ ಬಿಡಮ್ಮ ಅಂದ್ರಂತೆ. ಅವನ ಆಫೀಸಿನೋರು ಅವತ್ತು ಅವನಿಗೆ ರಜಾ ಅಂದ್ರಂತೆ. ಅವನೇನು ಹೇಳಿದ, ಎಲ್ಲಿಗೆ ಹೋಗ್ತೀನಂದ, ಇಷ್ಟೇ ಅವಳು ಕೇಳಿದ್ದು. ನನಗೇನು ಗೊತ್ತು? ಅವಳ ಸಮಾಧಾನಕ್ಕೆ ಇರ್ಲಿ ಅಂತ ಕ್ಯಾಸೆಟ್ಟು ಹಾಕಿ ತೋರಿಸ್ದೆ.

ಮೋಟು. ಎಂಬತ್ತೆಂಟು ಗಂಟೆ. 'ಕೆಳಗೆ ಎರಡು'.

ನೋಡ್ರಪ್ಪ, ಕ್ಯಾಸೆಟ್ಟು ಸೆಟ್ಟಿಗೆ ಹಾಕದೆ ಗಂಟೆ ಓಡಲ್ಲ. ಅದು ಬೀಗ ಹಾಕಿದ ಕಪಾಟಲ್ಲಿತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು. ನಾನೇನಂದೆ ಗೊತ್ತಾ? ಸೆಲ್ ಸೋರಿದೆ ಅಂದೆ. ಸೆಲ್ ಸೋರಿದ್ರೆ ಅಂಕಿ ಹುಚ್ಚಾಪಟ್ಟೆ ಆಗುತ್ತೆ, ಏಳು ಇದ್ದದ್ದು ಎರಡಾಗುತ್ತೆ, ಮೇಲಿದ್ದದ್ದು ಕೆಳಗಾಗುತ್ತೆ ಅಂತ ದೊಡ್ಡ ಪಂಡಿತೆ ಹಾಗೆ ವಿವರಿಸ್ದೆ. ಅವಳು ತಲೆಯಾಡಿಸಿ ಹೋದ್ಲು.

ಗುರುವಾರ ಮತ್ತೆ ಅದೇ ಹೊತ್ತಿಗೆ ಬಂದ್ಲು. ನಾನು ಕ್ಯಾಸೆಟ್ಟು ಬಿಚ್ಚೋಕೆ ತಿರುಪುಳಿ ಇಟ್ಟಿದ್ದೆ. ಒಂದ್ಸಲ ನೋಡ್ಬಿಡ್ತೀನಿ, ಆಮೇಲೆ ಬಿಚ್ಚಿ ಅಂತ ನನ್ನ ಕೈ ಹಿಡಕೊಂಡ್ಲು. ನೂರಾ ಹನ್ನೆರಡು ಗಂಟೆ. 'ಕೆಳಗೆ ಎರಡು'. ಅಂಕಿ ಏರಿದ್ದು ನೋಡಿ ಬಿಚ್ಚದೆ ಹಾಗೇ ಇಟ್ಟೆ. ಶುಕ್ರವಾರ ನೂರಾ ಮೂವತ್ತಾರು. ಅವತ್ತು ಅವಳು ನಿಂತಲ್ಲೇ ಬೆರಳು ಮಡಿಸಿದ್ಲು... ದಿನಾ ಬಟ್ಟೆ ಅಳೆಯೋಳಲ್ವಾ, ಅಳತೆ ಅಂದ್ರೆ ಅವಳಿಗೆ ಮಾತಿಗಿಂತ ಗಟ್ಟಿ. "ಅಮ್ಮಾ, ಇದು ದಿನಕ್ಕೆ ಸರಿಯಾಗಿ ಇಪ್ಪತ್ನಾಲ್ಕು ಏರ್ತಾ ಇದೆ," ಅಂದ್ಲು. "ಸೋಮವಾರ ನಲವತ್ತಿತ್ತು ಅಂದ್ರಲ್ಲ, ಅವತ್ತು ಮಧ್ಯಾಹ್ನ ಎರಡರಿಂದ ಲೆಕ್ಕ ಸರಿಹೋಗುತ್ತೆ. ಕೆಟ್ಟ ಮಿಷಿನ್ನು ಇಷ್ಟು ಸರಿಯಾಗಿ ಕೆಡುತ್ತಾ? ಅವನೆಲ್ಲೋ ಯಾವುದೋ ಕಟ್ಟಡದ ಕೆಳಗೆ ಸಿಕ್ಕೊಂಡಿದಾನೆ. ನೆಲದಿಂದ ಎರಡು ಅಂತಸ್ತು ಕೆಳಗೆ."

ನೆಲಮಾಳಿಗೆ ಎರಡಿರೋ ಕಟ್ಟಡ ಊರಲ್ಲಿ ಎಷ್ಟಿದ್ದಾವು? ಹೆಚ್ಚಂದ್ರೆ ಇಪ್ಪತ್ತು. ಒಂದು ದಿನದಲ್ಲಿ ಎಲ್ಲದರ ಬಾಗಿಲು ತಟ್ಟಬಹುದಿತ್ತು. ಅವಳು ಕೇಳಿದ್ದೂ ಅದನ್ನೇ. ಟೈಲರಮ್ಮನ ಮಾತು ಯಾರೂ ಕೇಳಲ್ಲ, ನೀವು ಮಿಷಿನ್ ಬಲ್ಲೋರು, ನನ್ನ ಜೊತೆ ಠಾಣೆಗೆ ಬಂದು ಇದು ಕೆಟ್ಟಿಲ್ಲ ಅಂತ ಒಂದು ಮಾತು ಹೇಳಿ, ಅಷ್ಟು ಸಾಕು ಅಂತ. ನನ್ನ ಕಾಲು ಹಿಡಿಯೋಕೆ ಬಗ್ಗಿದ್ಲು ಕಣ್ರೋ.

ನಾನು ಬೈದೆ.

ಮಿಷಿನ್ ಬಗ್ಗೆ ನನಗೆ ಹೇಳ್ಕೊಡೋಕೆ ಬರ್ಬೇಡ, ನಿನ್ನ ಕತ್ತರಿ ಕೆಲಸ ನೀನು ನೋಡ್ಕೋ ಅಂದೆ. ಗೇಮ್ ಕ್ಯಾಸೆಟ್ಟು ಹಿಡಕೊಂಡು ಠಾಣೆಗೆ ಹೋದ್ರೆ ನಗ್ತಾರೆ ಅಂದೆ. ಅಸಲು ವಿಷಯ ಅದೇ... ನಾಲ್ಕು ಜನ ನಗ್ತಾರೆ ಅನ್ನೋ ಭಯ. ನನಗೂ ಒಳಗೊಳಗೆ ಅನುಮಾನ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ? ಅವಳು ಹೋದ ಮೇಲೆ ಮೀಟರ್ ಹಚ್ಚಿ ನೋಡ್ದೆ. ಸೆಲ್ ಸೋರಿರಲಿಲ್ಲ. ಹೊಸದರ ಹಾಗಿತ್ತು. ಆದ್ರೂ ಎದ್ದು ಹೋಗಿ ಅವಳನ್ನ ಕರೀಲಿಲ್ಲ. ನಾಳೆ ನೋಡೋಣ ಅಂದ್ಕೊಂಡೆ.

ಶನಿವಾರ ಅಂಗಡಿ ತೆಗೆದು ಮೊದಲು ಮಾಡಿದ್ದು ಅದನ್ನ ಹಾಕಿ ನೋಡಿದ್ದು. ನೂರಾ ಐವತ್ತೆರಡು ಗಂಟೆ. ಹತ್ತು ಗಂಟೆಗೆ ನೋಡ್ದೆ, ಅಷ್ಟೇ. ಎರಡು ಗಂಟೆಗೆ ಅವಳ ಜೊತೆ ನೋಡ್ದೆ, ಅಷ್ಟೇ. ನಿಂತುಹೋಗಿತ್ತು. ನೋಡಿದ್ಯಾ, ತಾನೇ ಸರಿಹೋಯ್ತು ಅಂತ ಹೇಳೋಕೆ ಬಾಯಿ ತೆಗೆದೆ, ಅವಳ ಮುಖ ನೋಡಿ ಮುಚ್ಕೊಂಡೆ.

ಆಮೇಲೆ ಒಂದು ವಾರಕ್ಕೆ ಸಿಕ್ಕಿದ. ಮುಚ್ಚಿಹೋದ ಹಳೇ ಗೋಡೌನು. ರಜಾ ದಿನ ಆಫೀಸಿಗೆ ಹೇಳದೆ ಒಬ್ಬನೇ ಅಲ್ಲಿ ಕೆಲಸಕ್ಕೆ ಹೋಗಿದ್ದನಂತೆ. ಕೆಲಸ ಕೊಟ್ಟೋನು ಬೀಗದ ಕೈ ಕೊಟ್ಟು ಪರಊರಿಗೆ ಹೋಗಿದ್ದ. ಲಿಫ್ಟ್ ಇಳಿಯೋ ಬಾವಿಯಂಥ ಹಳ್ಳದೊಳಗೆ ಬಿದ್ದಿದ್ದ, ನೆಲದಿಂದ ಎರಡು ಅಂತಸ್ತು ಕೆಳಗೆ. ಕಾಲು ಮುರಿದಿತ್ತು, ಅಷ್ಟೇ. ಅಷ್ಟೇ ಕಣ್ರೋ. ಡಾಕ್ಟರು ಏನಂದ್ರು ಗೊತ್ತಾ? ಬಿದ್ದ ಕೂಡಲೇ ಸತ್ತಿಲ್ಲ, ನಾಲ್ಕೂವರೆ ದಿನ ಜೀವ ಇತ್ತು, ಹೋಗಿದ್ದು ಶನಿವಾರ ಬೆಳಕು ಹರಿಯೋ ಹೊತ್ತಿಗೆ ಅಂತ. ಗೋಡೆ ಮೇಲೆಲ್ಲ ಸ್ಪ್ಯಾನರಿಂದ ಬಡಿದ ಗುರುತು...

ಅಜ್ಜಿ ಇಲ್ಲಿ ನಿಲ್ಲಿಸಿದಳು. ಮೀಟರಿನ ಮುಳ್ಳುಗಳನ್ನು ಮತ್ತೆ ಒತ್ತಿದಳು. ಎರಡು ಪಾಯಿಂಟ್ ಒಂದು. ಚಿಕ್ಕಪ್ಪ ಶಟರ್ ಕೆಳಗೆ ಬಗ್ಗಿ ಬೀದಿಯಲ್ಲಿ ಎಲ್ಲಾದರೂ ದೀಪ ಉಂಟೇ ನೋಡಿ ಬಂದ. ಇರಲಿಲ್ಲ.

ತಮ್ಮನ ಕ್ರಿಯೆ ಎಲ್ಲ ಮುಗಿಸ್ಕೊಂಡು ಟೈಲರಮ್ಮ ನನ್ನ ಅಂಗಡಿಗೆ ಬಂದ್ಲು. ಬೈತಾಳೆ ಅಂತ ಕಾದೆ. ಬೈದಿದ್ರೆ ಎಷ್ಟು ಚೆನ್ನಾಗಿತ್ತು. ಕ್ಯಾಸೆಟ್ಟು ಹಾಕಿ ಅಂದ್ಲು, ಹಾಕ್ದೆ. ಗಂಟೆ ಮತ್ತೆ ಓಡ್ತಿತ್ತು. ಅಂತಸ್ತು, 'ಕೆಳಗೆ ಮೂರು'.

ಆ ಗೋಡೌನಿಗೆ ನೆಲದ ಕೆಳಗೆ ಇದ್ದದ್ದು ಎರಡೇ.

ಆಟ ತೆರೆದೆ. ಪರದೆ ಪೂರ್ತಿ ಕತ್ತಲೆ, ಮನುಷ್ಯನೂ ಇಲ್ಲ, ದೀಪವೂ ಇಲ್ಲ. ಮೆಟ್ಟಿಲಿಳಿಯೋ ಬೂಟಿನ ಸದ್ದು ಮಾತ್ರ, ಒಂದು ಕಾಲು ಎಳೆದ ಹಾಗೆ. ನಾನು ಗುಂಡಿ ಒತ್ತಿದ್ರೆ ಸದ್ದು ನಿಲ್ಲೋದು, ಯಾರೋ ಕಿವಿಗೊಟ್ಟ ಹಾಗೆ. ಬಿಟ್ರೆ ಮತ್ತೆ ಶುರು. ಅವಳು ಟಿವಿ ಹತ್ರ ಮುಖ ಇಟ್ಟು, ಮೋಟು, ಅದು ಮೇಲಲ್ಲ ಕಣೋ, ಕೆಳಗೆ, ತಿರುಗು ಅಂತ ಕೂಗಿದ್ಲು. ಸದ್ದು ನಿಂತು... ಮತ್ತೆ ಇಳೀತು. ಮೇಲೆ ಅಂದ್ಕೊಂಡು ಕೆಳಗಿಳೀತಿದಾನೆ, ಕತ್ತಲಲ್ಲಿ ಅವನಿಗೆ ಗೊತ್ತಾಗ್ತಿಲ್ಲ ಅಂತ ನನ್ನ ಕಡೆ ತಿರುಗಿದ್ಲು. "ಆಗ ಉಳಿಸ್ಲಿಲ್ಲ. ಈಗಲಾದ್ರೂ ಉಳಿಸಿಕೊಡಿ," ಅಂದ್ಲು.

ಉಳಿಸ್ತೀನಿ ಅಂದೆ. ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳೋ ಮಾತು, ಆಟ ಉಳಿಸ್ಲಾ ಅಳಿಸ್ಲಾ ಅಂತ. ಅವತ್ತು ಅದನ್ನ ಬಾಯಿಂದ ತೆಗೆಯೋಕೆ ಜೀವ ಹೋಯ್ತು.

ಅಲ್ಲಿಂದ ನಾಲ್ಕು ಸಲ ಸೆಲ್ ಬದಲಾಯಿಸಿದೀನಿ. ಹಳೇದನ್ನ ಕೀಳೋ ಮುಂಚೆ ಹೊಸದರ ತಂತಿ ಪಕ್ಕಕ್ಕೆ ಬೆಸೀಬೇಕು, ಬೋರ್ಡಿಗೆ ಒಂದು ಕ್ಷಣನೂ ಕರೆಂಟ್ ತಪ್ಪಬಾರದು. ಕೈ ಜಾರಿದ್ರೆ ಅವನಿಲ್ಲ. ಅವಳು ದಿನಾ ಮಧ್ಯಾಹ್ನ ಬಂದು, ಇದೇ ಸ್ಟೂಲಿನ ಮೇಲೆ ಕೂತು, ಕಾಜಾ ಗುಂಡಿ ಹೊಲೀತಾ ಆ ಕತ್ತಲೆ ಪರದೆ ಜೊತೆ ಮಾತಾಡೋಳು. ಒಗ್ಗರಣೆ ಸೀದದ್ದು, ಗಿರಾಕಿ ಜಗಳ ಆಡಿದ್ದು, ಎಲ್ಲಾ. ಅವನು ಕೇಳಿಸ್ಕೊಂಡು ನಿಲ್ಲೋನು, ಆಮೇಲೆ ಇಳಿಯೋನು. ಮೂವತ್ತೊಂದು ವರ್ಷ ಅಳತೆ ತಪ್ಪದೆ ಬಂದ್ಲು. ಟೈಲರಜ್ಜಿ ಟೈಲರಜ್ಜಿ ಅಂತ ನೀವೇ ಆಡಿಸ್ತಿದ್ರಲ್ಲ, ಹೋದ ವರ್ಷ ತೀರ್ಕೊಂಡ್ಲಲ್ಲ, ಅವಳೇ.

ತೀರ್ಕೊಂಡ ಮೂರನೇ ದಿನ ನೋಡ್ತೀನಿ, ಎರಡನೇ ಸಾಲಲ್ಲಿ ಹೆಸರು. 'ಅಕ್ಕ'. ಕೆಳಗೆ ಒಂದು.

ಇಳೀತಿದಾಳೆ ಕಣ್ರೋ. ಬದುಕಿದ್ದಾಗ ಮಂಡಿ ನೋವು ಅಂತ ನಮ್ಮ ಅಂಗಡಿಯ ಎರಡು ಮೆಟ್ಟಿಲು ಹತ್ತೋಕೆ ಒದ್ದಾಡೋಳು, ಈಗ ವಾರಕ್ಕೊಂದು ಅಂತಸ್ತು. ನಿನ್ನೆ ನೋಡ್ದೆ... ಅವನು ಅರವತ್ತೊಂದು, ಅವಳು ಅರವತ್ತು. ಒಂದೇ ಅಂತಸ್ತು. ಇವತ್ತು ಐದು ಗಂಟೆಗೆ ನೋಡಿದ್ರೆ ಅಂಕಿ ಮಿಣುಕ್ತಾ ಇದೆ. ಸೆಲ್ ಮುಗೀತು. ಈ ಹಾಳು ಕರೆಂಟಿಗೆ ಇವತ್ತೇ ಹೋಗ್ಬೇಕಿತ್ತಾ? ಅವಳು ಹತ್ರ ಹೋಗಿ ಅವನ ಕೈ ಹಿಡಿಯೋ ಮುಂಚೆ ಇಬ್ಬರೂ ಅಳಿಸಿಹೋದ್ರೆ, ಎರಡನೇ ಸಲ ಅವನನ್ನ ಕೊಂದೋಳು ನಾನೇ ಅಲ್ವಾ?

ಅಜ್ಜಿ ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾವು ಮೂವರೂ ಅದುವರೆಗೆ ಕಂಡಿರಲಿಲ್ಲ. ತಂಗಿ ಟಾರ್ಚು ಹಿಡಿದುಕೊಂಡಳು, ಚಿಕ್ಕಪ್ಪ ಹೊಸ ಸೆಲ್ಲಿನ ಪೊಟ್ಟಣ ಬಿಡಿಸಿ ಮೇಜಿನ ಮೇಲಿಟ್ಟ. ಮೀಟರಿನಲ್ಲಿ ಎರಡು ಪಾಯಿಂಟ್ ಸೊನ್ನೆ ಐದು ಇದ್ದಾಗ ಕರೆಂಟು ಬಂತು.

ಕಡ್ಡಿ ಕಾಯುವುದಕ್ಕೆ ಮೂರು ನಿಮಿಷ. ಅದನ್ನು ನನ್ನ ಕೈಗೆ ಕೊಟ್ಟು, ತಾನು ಚಿಮಟದಲ್ಲಿ ಹೊಸ ಸೆಲ್ಲಿನ ತಂತಿ ಹಿಡಿಯಲು ಹೋದಳು. ಚಿಮಟ ನಡುಗಿ ಬೋರ್ಡಿಗೆ ತಾಗಿತು. ಚಿಕ್ಕಪ್ಪ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಾನು ಹಿಡಿದ. ನಾನು ಒಂದು ತುದಿ ಬೆಸೆದೆ, ಇನ್ನೊಂದು ತುದಿ ಬೆಸೆದೆ, ಉಸಿರು ಬಿಡದೆ ಹಳೇ ಸೆಲ್ಲನ್ನು ಬಿಡಿಸಿದೆ. ಕ್ಯಾಸೆಟ್ಟು ಸೆಟ್ಟಿಗೆ ಹಾಕಿ ಟಿವಿ ಹಚ್ಚಿದೆವು.

ಮೊದಲ ಸಾಲು, ಮೋಟು, ಕೆಳಗೆ ಅರವತ್ತೊಂದು. ಎರಡನೆಯದು, ಅಕ್ಕ, ಕೆಳಗೆ ಅರವತ್ತು. ನನ್ನ ಮೈ ಹಗುರಾಯಿತು. ಆಮೇಲೆ ಮೂರನೆಯ ಸಾಲು ಕಂಡಿತು. ಅದು ಖಾಲಿ ಇರಲಿಲ್ಲ. 'ಬೆಸುಗೆ' ಅಂತ ಇತ್ತು. ಗಂಟೆ ಸೊನ್ನೆ. ನೆಲ ಅಂತಸ್ತು.

ನಾನು ತಿರುಗಿ ಅಜ್ಜಿಯ ಮುಖ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೂತಿದ್ದಳು.

"ನಿನ್ನೆ ಬಂತು ಅದು," ಅಂದಳು. "ಹೆದರ್ಕೋಬೇಡ, ಗಂಟೆ ಇನ್ನೂ ಓಡ್ತಿಲ್ವಲ್ಲ. ಓಡೋಕೆ ಶುರುವಾದ್ರೆ ಮಾತ್ರ ಸೆಲ್ ಕಡೆ ನಿಗಾ ಇಡು. ನಾನೂ ಅಲ್ಲೀವರೆಗೆ ಇಳಿದು ಆ ಹುಡುಗನಿಗೆ ಒಂದು ಮಾತು ಹೇಳೋದಿದೆ... ಮಿಷಿನ್ ಕೆಟ್ಟಿರಲಿಲ್ಲ ಅಂತ. ಉಳಿಸ್ತೀಯಾ?"

ಉಳಿಸ್ತೀನಿ ಅಜ್ಜಿ ಅಂದೆ.

"ಸರಿ ಹಾಗಾದ್ರೆ," ಅಂತ ಮಂಡಿ ಹಿಡಿದುಕೊಂಡು ಎದ್ದಳು. "ಇವತ್ತು ಟಿವಿ ಆರಿಸ್ಬೇಡಿ. ಮೆಟ್ಟಿಲಿಗೆ ಸ್ವಲ್ಪ ಬೆಳಕಿರ್ಲಿ."