ಹಾಜರಿ ಪಟ್ಟಿ ಉಳಿದ ಬಗೆ

ಅಧ್ಯಕ್ಷರಾದ ನ್ಯಾಯಾಧೀಶ ಹಾಲ್ಕಂಬ್ ಅವರೇ, ವೇದಿಕೆಯ ಹಿರಿಯರೇ, ನಮ್ಮ ತುಕಡಿಯ ಅಳಿದುಳಿದ ಗೆಳೆಯರೇ, ಜಾರ್ಜಿಯದ ಈ ಪುಟ್ಟ ಊರಿನ ತಾಯಂದಿರೇ, ಸಭಿಕರೇ,

ತುಕಡಿಯ ಹಾಜರಿ ಪಟ್ಟಿಯನ್ನು ಉಳಿಸಿದನೆಂದು ನನಗೆ ಈ ಸನ್ಮಾನ. ನಾನು ಗುಮಾಸ್ತ. ಕೋವಿಗಿಂತ ಲೇಖನಿ ಹಿಡಿದದ್ದೇ ಹೆಚ್ಚು. ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರು ನನಗೆ ಹೆದರಿದ್ದನ್ನು ಯಾರೂ ಕಂಡಿಲ್ಲ!

ಆಗ ಕಾಗದಕ್ಕೆ ಬರ. ಗುಲಾಬಿ ಬಳ್ಳಿ ಬಿಡಿಸಿದ ಗೋಡೆಕಾಗದದ ಬೆನ್ನಿನ ಮೇಲೆ ಹೆಸರು ಬರೆಯುತ್ತಿದ್ದೆ. ನಮ್ಮ ತುಕಡಿಯ ಅಲಾಂಜೊ ಸ್ಟ್ರೌಡ್ ಬಂದು ಇಣುಕುತ್ತಿದ್ದ. "ಏನಯ್ಯಾ ಗುಮಾಸ್ತ, ನನ್ ಹೆಸರು ಗುಲಾಬಿ ಹಿಂದೆ ಬರಿ, ನಮ್ ಪರ್ಮೀಲಿಯಾಗೆ ಖುಷಿ ಆಗುತ್ತೆ." ಎಂಥ ದಿನಗಳು! ಆ ಯುದ್ಧ ನಡೆದದ್ದು ಗುಲಾಮಗಿರಿ ಉಳಿಸಲಿಕ್ಕೆ, ನಾವು ಸೋತದ್ದೇ ಸರಿ. ಗೊಣಗಬೇಡಿ, ಎಪ್ಪತ್ತು ದಾಟಿದವನು ಹೇಳುತ್ತಿದ್ದೇನೆ. ಆದರೂ ಆ ಗೆಳೆಯರನ್ನು ನಾನು ಮರೆತಿಲ್ಲ.

ನಾಳೆ ನ್ಯಾಯಾಲಯದ ಮುಂದಿನ ಕಲ್ಲಿನಲ್ಲಿ ನನ್ನ ಪಟ್ಟಿಯ ನಲವತ್ತೊಂದು ಹೆಸರು ಕೆತ್ತುತ್ತಾರೆ. ಅಲಾಂಜೊನ ಹೆಸರಿಲ್ಲ. ಪಟ್ಟಿಯಲ್ಲಿ ಅವನ ಮುಂದೆ 'ಓಡಿಹೋದವನು' ಎಂದಿದೆ. ಮೂರನೇ ಸಾಲಿನಲ್ಲಿ ಕುಳಿತಿರುವ ಅವನ ಹೆಂಡತಿ ಪರ್ಮೀಲಿಯಾಳನ್ನು ಮೂವತ್ತೆಂಟು ವರ್ಷದಿಂದ ಹೇಡಿಯ ಹೆಂಡತಿ ಎಂದವರು ಯಾರು? ನಾವೇ ಅಲ್ಲವೇ?

ನಮ್ಮ ರಾಜಧಾನಿ ರಿಚ್ಮಂಡ್ ಬಿಟ್ಟು ಹಿಮ್ಮೆಟ್ಟುವಾಗ ಸೈನ್ಯದ ಕಾಗದಗಳು ಬೀದಿಬೀದಿಯಲ್ಲಿ ಉರಿಯುತ್ತಿದ್ದವು. ನಮ್ಮ ಪಟ್ಟಿ ಮಾತ್ರ ಮೇಣಬಟ್ಟೆಯಲ್ಲಿ ಸುತ್ತಿ ನನ್ನ ಬಳಿ ಇತ್ತು. ಐದನೆಯ ದಿನ ಒಂದು ಹಳ್ಳ ದಾಟಿ, ಬೆನ್ನಟ್ಟಿ ಬರುತ್ತಿದ್ದ ಉತ್ತರದವರು ದಾಟದಂತೆ ಸೇತುವೆಗೆ ಬೆಂಕಿ ಇಟ್ಟೆವು. ಉಳಿದವರು ಮುಂದೆ ನಡೆದಿದ್ದರು, ನಾನೂ ಅಲಾಂಜೊನೂ ಮಾತ್ರ ಹಿಂದುಳಿದಿದ್ದೆವು. ಆಗ ನೋಡುತ್ತೇನೆ, ಕೈ ಖಾಲಿ! ಆಚೆ ದಡದಲ್ಲಿ ಜೋಳದ ರೊಟ್ಟಿ ತಿನ್ನಲು ಕುಳಿತವನು ಅಲ್ಲೇ ಬಿಟ್ಟುಬಂದಿದ್ದೆ.

"ಥೂ, ನಿನ್ ಹೊಟ್ಟೆಗಿಷ್ಟು ಬೆಂಕಿ ಹಾಕ! ಇರು, ತರ್ತೀನಿ," ಎಂದು ಅಲಾಂಜೊ ಉರಿಯುವ ಸೇತುವೆಯ ಮೇಲೆ ಓಡಿದ. ಅವನು ಆಚೆ ಮುಟ್ಟಿದ, ಸೇತುವೆ ಕುಸಿಯಿತು. ದಡದಿಂದ ಕೂಗಿದ: "ಹಿಡ್ಕೊಳ್ಳೋ ಗುಮಾಸ್ತ!" ಗಂಟು ನನ್ನ ಎದೆಗೆ ಬಂದು ಬಿತ್ತು. ಹೊಗೆಯೊಳಗೆ ಗುಂಡಿನ ಸದ್ದು. ಮತ್ತೆ ಅವನು ಕಾಣಲಿಲ್ಲ.

ಸಂಜೆ ಹಾಜರಿ. ಎರಡು ಸಲ ಕೂಗಿದರೂ ಓಗೊಡದವನು ಏನಾದನೆಂದು ಗುಮಾಸ್ತ ಬರೆಯಲೇಬೇಕು. ಸತ್ತನೆಂದು ಬರೆದರೆ ಯಾಕೆ ಹಿಂದೆ ಹೋದ ಎಂದು ಕೇಳುತ್ತಾರೆ. ಪಟ್ಟಿ ಮರೆತವನಿಗೆ ಶಿಕ್ಷೆ. ನಾನು ಹೆದರಿದೆ, ಓಡಿಹೋದನೆಂದು ಬರೆದೆ. ಆಮೇಲೆ ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಹೇಡಿ ನಾನು, ಅವನಲ್ಲ.

ನ್ಯಾಯಾಧೀಶರೇ, ಇದು ನನ್ನ ಪ್ರಮಾಣದ ಹೇಳಿಕೆ, ಬರೆದುಕೊಳ್ಳಿ. ಕಲ್ಲಿನಲ್ಲಿ ಜಾಗ ಸಾಲದಿದ್ದರೆ ನನ್ನ ಹೆಸರು ತೆಗೆದು ಅವನದನ್ನು ಕೆತ್ತಿಸಿ.

ಪರ್ಮೀಲಿಯಾ, ತಂಗೀ, ಎದ್ದು ಹೊರಟೆಯಾ? ಹೋಗಮ್ಮ. ಈ ಮುಖ ನೋಡಬೇಕಾದ ಕರ್ಮ ನಿನಗಿಲ್ಲ.

ಕೂತೇ ಇದ್ದೀರಲ್ಲ, ಸಭಿಕರೇ? ಅಲಾಂಜೊ ಸ್ಟ್ರೌಡನ ಹೆಂಡತಿ ಹೋಗುತ್ತಿದ್ದಾಳೆ. ಎದ್ದು ನಿಂತು ದಾರಿ ಬಿಡಿ. ಕೇಳಿಸಿಕೊಂಡಿದ್ದಕ್ಕೆ ನಾನು ಋಣಿ. ನಮಸ್ಕಾರ.