ಎಣ್ಣೂರಿಗೆ ಬಿಟ್ಟುಬಂದ ಪಾರಿವಾಳಗಳು ವಾಪಸ್ಸು ಬಂದ ಬಗ್ಗೆ

ಪಾವನಾ ಕೋಂ ನಿಶಾಂತ್, ವಯಸ್ಸು 38 ವರ್ಷ, ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ಸ್ವಂತ ಊರು ಮೈಸೂರು, ಹಾಲಿ ವಾಸ ಚೆನ್ನೈ ಪೆರುಂಗುಡಿಯ ಬಾಡಿಗೆ ಫ್ಲಾಟ್, ನಾಲ್ಕನೇ ಮಹಡಿ. ನನಗೆ ತಮಿಳು ಮಾತು ಬರುತ್ತದೆ, ಬರವಣಿಗೆ ಬಾರದು. ಆದ್ದರಿಂದ ಹೊಸೂರು ಕಡೆಯ ಕಾನ್‌ಸ್ಟೆಬಲ್ ಒಬ್ಬರು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದು, ಈ ಮೂಲಕ ತಿಳಿಸುವುದೇನೆಂದರೆ:

ಎರಡು ವರ್ಷದ ಹಿಂದೆ ನಾನು, ನನ್ನ ಗಂಡ ಮತ್ತು ಮಗಳು ಮೌನ ಇಲ್ಲಿಗೆ ಬಂದೆವು. ಬರುವಾಗ ಹೋಮರ್ ಜಾತಿಯ ಎರಡು ಜೋಡಿ ಪಾರಿವಾಳ ತಂದೆನು. ಮನೆ ಮಾಲೀಕರ ಒಪ್ಪಿಗೆ ಪಡೆದು ಮಾಳಿಗೆಯ ಮೇಲೆ ಹಲಗೆಯ ಗೂಡು ಕಟ್ಟಿಸಿದೆನು. ಇದು ವ್ಯಾಪಾರವಲ್ಲ, ಬಾಜಿಯೂ ಅಲ್ಲ. ಕೆಲವರಿಗೆ ಟೀವಿ ಇದ್ದಂತೆ ನನಗೆ ಇದು. ಮೈಸೂರಿನಿಂದ ತಂದವನ್ನು ಹೊರಗೆ ಬಿಡುತ್ತಿರಲಿಲ್ಲ. ಬಿಟ್ಟರೆ ಮೈಸೂರಿನ ದಾರಿ ಹಿಡಿಯುತ್ತವೆ. ಅವುಗಳ ಮರಿಗಳು ಏಳು. ಅವು ಇಲ್ಲಿಯೇ ಹುಟ್ಟಿ ಇಲ್ಲಿಯ ಆಕಾಶದಲ್ಲೇ ಹಾರಲು ಕಲಿತವು.

ದಿನಾಂಕ 24-05-2025ರಂದು ಬೆಳಿಗ್ಗೆ 10 ಗಂಟೆಗೆ ಫ್ಲಾಟ್ ಸಂಘದ ಕಾರ್ಯದರ್ಶಿ ವಿಷ್ಣುತೀರ್ಥರು ನೋಟಿಸು ಹಿಡಿದು ಬಂದರು. ಇವರದು ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಮನೆತನ, ನಮ್ಮೊಡನೆ ಕನ್ನಡವನ್ನೇ ಆಡುತ್ತಾರೆ. ಇದು ವಸತಿ ವಲಯ, ಮಾಳಿಗೆಯಲ್ಲಿ ಶೆಡ್ ಹಾಕುವಂತಿಲ್ಲ, ಪಕ್ಷಿ ಸಾಕುವಂತಿಲ್ಲ, ಹದಿನೈದು ದಿನದಲ್ಲಿ ಉತ್ತರ ಕೊಡಿ ಎಂದು ಅದರಲ್ಲಿತ್ತು. ಉತ್ತರ ಬರೆಯುತ್ತೇನೆ ಎಂದೆ. "ಬೇಡಮ್ಮಾ, ಮುಂದಿನ ತಿಂಗಳು ಸಂಘದ ಎಲೆಕ್ಷನ್. ಓನರ್ಸ್‌ಗೆಲ್ಲ ಮಾತು ಕೊಟ್ಟಾಚು. ವಾಡಗೆಗೆ ಇರೋರು ನೀವು, ಪೆರಿಸು ಮಾಡಬೇಡಿ" ಎಂದರು, ಅಂದರೆ ಬಾಡಿಗೆಯವರು ಇದನ್ನು ದೊಡ್ಡದು ಮಾಡಬೇಡಿ ಎಂದು. ಅದೇ ಮಾಳಿಗೆಯಲ್ಲಿ ಇವರು ತಗಡು ಹೊದಿಸಿ ಸಂಘದ ಆಫೀಸು ಮಾಡಿಕೊಂಡಿದ್ದಾರೆ. ಅದಕ್ಕೆ ಯಾವ ವಲಯವೂ ಅಡ್ಡ ಬಂದಿಲ್ಲ.

ಹೊಸಬರು, ನೆರೆಹೊರೆಯಲ್ಲಿ ಜಗಳವೇಕೆ ಎಂದು ಒಪ್ಪಿದೆನು. ಆದರೆ ಈ ಹಕ್ಕಿಗಳನ್ನು ಎಲ್ಲಿ ಬಿಟ್ಟರೂ ಹುಟ್ಟಿದ ಗೂಡಿಗೇ ಬರುತ್ತವೆ ಎಂದು ಅವರಿಗೆ ಬಿಡಿಸಿ ಹೇಳಿದ್ದೆ. "ಪಕ್ಷಿಗೆ ಅಡ್ರೆಸ್ಸು ತಿಳಿಯುತ್ತಾ ಏನಮ್ಮಾ" ಎಂದು ನಕ್ಕರು.

ಮರುದಿನ ಹನ್ನೊಂದನ್ನೂ ಬುಟ್ಟಿಗಳಲ್ಲಿ ಹಾಕಿಕೊಂಡು, ಸುಮಾರು 36 ಕಿ.ಮೀ. ದೂರದ ಎಣ್ಣೂರಿನಲ್ಲಿ ಪಾರಿವಾಳ ಸಾಕುವ ಸಂತೋಷ್ ಎಂಬುವರಿಗೆ ಒಪ್ಪಿಸಿ ಬಂದೆವು. ಸಂಜೆ ಗೂಡು ಬಿಚ್ಚಿಸಿದೆನು. ಅತ್ತೆನು ಕೂಡ. ಅದನ್ನು ಬರೆದುಕೊಳ್ಳಬೇಕೇ ಎಂದು ಕಾನ್‌ಸ್ಟೆಬಲ್ ಕೇಳಿದರು. ಬರೆದುಕೊಳ್ಳಲಿ.

ದಿನಾಂಕ 13-06-2025ರಂದು ಬೆಳಿಗ್ಗೆ 6-30ಕ್ಕೆ ಸಂತೋಷ್ ದೊಡ್ಡವನ್ನು ಒಳಗೇ ಇಟ್ಟು, ಮೊದಲ ಸಲ ನಮ್ಮ ಏಳು ಮರಿಗಳನ್ನು ಹೊರಗೆ ಬಿಟ್ಟರಂತೆ. 7-15ಕ್ಕೆ ಮೌನ ಮಾಳಿಗೆಯಿಂದ ಓಡಿಬಂದು, "ಅಮ್ಮಾ, ಏಳುಮೇ ವಂದುಡುಚ್ಚು" ಎಂದಳು, ಏಳೂ ಬಂದುಬಿಟ್ಟಿವೆ ಎಂದು. ಹೋಗಿ ನೋಡಿದೆನು. ಗೂಡು ಇದ್ದ ಜಾಗದಲ್ಲಿ, ಬರೀ ನೆಲದ ಮೇಲೆ, ಬಾಗಿಲಿದ್ದ ಕಡೆಗೆ ಮುಖ ಮಾಡಿ ಏಳೂ ಕುಳಿತಿದ್ದವು. ಕಾಳು, ನೀರು ಇಟ್ಟೆನು.

ವಿಷ್ಣುತೀರ್ಥರು ಬಂದು, ನಾನು ಕಳ್ಳತನದಲ್ಲಿ ಕಾರಿನಲ್ಲಿ ತಂದು ಬಿಟ್ಟಿರುವುದಾಗಿಯೂ, ಸಂಘಕ್ಕೆ ಮೋಸ ಮಾಡಿರುವುದಾಗಿಯೂ ನಾಲ್ಕು ಜನರ ಮುಂದೆ ಕೂಗಾಡಿದರು. ಇಂದು ಬೆಳಿಗ್ಗೆ 8 ಗಂಟೆಗೆ ಅವರು ಹೇಳಿದಂತೆ ವಾಚ್‌ಮನ್ ಮಾಳಿಗೆಯಲ್ಲಿ ಪಟಾಕಿ ಸರ ಹಚ್ಚಿದನು. ಹಕ್ಕಿಗಳು ದಿಕ್ಕಾಪಾಲಾದವು. ಮಧ್ಯಾಹ್ನದೊಳಗೆ ಆರು ವಾಪಸ್ಸು ಬಂದವು. ಕತ್ತಿನ ಹತ್ತಿರ ಬಿಳಿ ಮಚ್ಚೆಯಿರುವ ಹೆಣ್ಣು ಇನ್ನೂ ಬಂದಿಲ್ಲ.

ಅವರು ಕೊಟ್ಟ ದೂರಿನ ಮೇಲೆ ನನ್ನನ್ನು ಮಧ್ಯಾಹ್ನ 3 ಗಂಟೆಗೆ ಠಾಣೆಗೆ ಕರೆಸಿದರು. ಹಾರುವ ಗರಿ ಕತ್ತರಿಸಿ ಯಾರಿಗಾದರೂ ಕೊಟ್ಟುಬಿಡಿ, ಮುಚ್ಚಳಿಕೆ ಬರೆದುಕೊಟ್ಟರೆ ಇಲ್ಲಿಗೇ ಮುಗಿಸೋಣ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಒಳ್ಳೆಯ ಮಾತಿನಲ್ಲೇ ಹೇಳಿದರು. ನಾನು ಬರೆದುಕೊಡುವುದಿಲ್ಲ. ಅಂದು ಉತ್ತರ ಬರೆಯದೆ ತಲೆಯಾಡಿಸಿದ್ದೇ ತಪ್ಪಾಯಿತು. ಸೋಮವಾರ ವಾರ್ಡ್ ಆಫೀಸಿಗೆ ಹೋಗಿ ಅನುಮತಿಗೆ ಅರ್ಜಿ ಹಾಕುತ್ತೇನೆ, ತಗಡಿನ ಆಫೀಸಿಗೆ ಅನುಮತಿ ಇದೆಯೇ ಎಂದೂ ಕೇಳುತ್ತೇನೆ.

ನನ್ನ ಗಂಡ ನಿನ್ನೆ ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆಯ ಹಲಗೆ ಕೊಂಡು ತಂದಿದ್ದಾರೆ. ಇಲ್ಲಿಂದ ನೇರ ಹೋಗಿ, ಕತ್ತಲಾಗುವುದರೊಳಗೆ, ಅದೇ ಜಾಗದಲ್ಲಿ ಗೂಡು ನಿಲ್ಲಿಸುತ್ತೇನೆ. ಕದ್ದು ಮಾಡಿದಳೆಂದು ಯಾರೂ ಹೇಳಬಾರದೆಂದು ಮೊದಲೇ ತಿಳಿಸಿದ್ದೇನೆ. ಕೇಸು ಹಾಕುವುದಿದ್ದರೆ ನನ್ನ ಹೆಸರಿಗೇ ಹಾಕಲಿ. ಒಂದು ಇನ್ನೂ ಬರುವುದಿದೆ, ಬಂದಾಗ ಅದಕ್ಕೆ ಒಳಗೆ ಹೋಗಲು ಬಾಗಿಲಿರಬೇಕು.

ಮೇಲ್ಕಂಡದ್ದನ್ನು ಓದಿಸಿ ಕೇಳಿದೆನು. ನಾನು ಹೇಳಿದಂತೆಯೇ ಇದೆ, ನಿಜವಿದೆ. ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಸ್ಥಳ: ಚೆನ್ನೈ
ದಿನಾಂಕ: 14-06-2025, ಸಂಜೆ 4-40
ಸಹಿ: ಪಾವನಾ